ಲೈನ್‌ಮನ್ ನಂಜುಂಡಸ್ವಾಮಿಯ ಓಟ

ನಂಜನಗೂಡಿನ ವಿದ್ಯುತ್ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದಾಗ, 1998ರಲ್ಲಿ, ನಂಜುಂಡಸ್ವಾಮಿ ಲೈನ್‌ಮನ್ ಆಗಿ ಬಂದು ಸೇರಿದ. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಎತ್ತರದ ಆಳು, ಒಣಕಲು ಮೈ, ಮಾತು ಕಡಿಮೆ. ಗಾಳಿಮಳೆಗೆ ತಂತಿ ಹರಿದುಬಿದ್ದ ದಿನ ಉಳಿದವರು ಬೀಡಿ ಹಚ್ಚಿಕೊಂಡು ನೀನು ಹತ್ತು, ನೀನು ಹತ್ತು ಎಂದು ಚರ್ಚೆ ಮಾಡುತ್ತಿರುವಾಗಲೇ ಅವನು ಕಂಬದ ಮೇಲಿರುತ್ತಿದ್ದ.

ಬೆಳಿಗ್ಗೆ ಸ್ನಾನಕ್ಕೆಂದು ನಾನು ಕಪಿಲೆಯ ಸೋಪಾನಕಟ್ಟೆಗೆ ಹೋದಾಗಲೆಲ್ಲ ಅವನು ದಡದಲ್ಲಿ ಓಡುತ್ತಿರುವುದು ಕಾಣಿಸುತ್ತಿತ್ತು. ಕಾಲಲ್ಲಿ ಬೂಟಿಲ್ಲ, ಮೊಣಕಾಲವರೆಗೆ ಮಡಚಿದ ಪ್ಯಾಂಟು. ವ್ಯಾಯಾಮಕ್ಕೆ ಓಡುವವರು ಮುಂದೆ ನೋಡಿಕೊಂಡು ಓಡುತ್ತಾರೆ. ಇವನು ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ನೀರನ್ನೇ ನೋಡಿಕೊಂಡು ಓಡುತ್ತಿದ್ದ. ಹಿಂದಿರುಗುವಾಗಲೂ ಅಷ್ಟೆ, ಕತ್ತು ಮಾತ್ರ ಆ ಕಡೆಯಿಂದ ಈ ಕಡೆಗೆ.

ಒಂದು ದಿನ ಕೇಳಿದೆ. "ಏನಯ್ಯ, ನೀರಲ್ಲಿ ಏನು ಹುಡುಕ್ತೀಯ?"

ಅವನು ನಿಂತ. ನನ್ನನ್ನೇ ನೋಡಿದ. "ನಿಮ್ಗೆ ಯಾರು ಯೋಳುದ್ರು ಸಾ?" ಎಂದ. ನಾನು ತಮಾಷೆಗೆ ಕೇಳಿದ್ದೆ. ಆ ಕತೆಯನ್ನು ಅವನಾಗಿ ಹೇಳಲು ಇನ್ನೊಂದು ವರ್ಷ ಬೇಕಾಯಿತು.

ಅವನ ಊರು ತಿ. ನರಸೀಪುರದ ಮಗ್ಗುಲಲ್ಲಿ, ಎರಡು ಹೊಳೆ ಕೂಡುವ ಜಾಗಕ್ಕೆ ಅರ್ಧ ಮೈಲಿ. ಅಪ್ಪ ಬೆಟ್ಟಯ್ಯ ನಾಲೆ ಬಯಲಿನಲ್ಲಿ ಗದ್ದೆ ಮಾಡಿಕೊಂಡಿದ್ದವರು, ಊರಿನ ನ್ಯಾಯಪಂಚಾಯ್ತಿಯಲ್ಲಿ ಜಗಲಿಯ ಮೇಲೆ ಕೂರುವವರು. ತಾಯಿ ಮುದ್ದಮ್ಮ. ಮಕ್ಕಳು ಇಬ್ಬರೇ, ದೊಡ್ಡವಳು ಕೆಂಪಾಜಮ್ಮ, ಅವಳಿಗಿಂತ ಮೂರು ವರ್ಷಕ್ಕೆ ಚಿಕ್ಕವನು ನಂಜುಂಡ. ಇವನಿಗೆ ಲೆಕ್ಕ ಹೇಳಿಕೊಟ್ಟವಳು ಅಕ್ಕ, ಈಜು ಕಲಿಸಿದವಳೂ ಅಕ್ಕನೇ.

1993ರಲ್ಲಿ ಕೆಂಪಾಜಮ್ಮ ಪಿಯುಸಿ ಮುಗಿಸಿದಳು. ಮುದ್ದಮ್ಮನ ತಮ್ಮ ಮರಿಯಯ್ಯನಿಗೆ ಅವಳನ್ನು ಕೊಡುವುದೆಂದು ಮಾತಾಯಿತು. ಸೋದರಮಾವ, ಮೊದಲ ಹೆಂಡತಿ ತೀರಿಹೋಗಿದ್ದಳು, ವಯಸ್ಸು ಮೂವತ್ತಾರು. ಅವನು ಆ ಹೆಂಡತಿಗೆ ಹೊಡೆಯುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಕೆಂಪಾಜಮ್ಮ ಎರಡು ದಿನ ಊಟ ಬಿಟ್ಟಳು. ಬೆಟ್ಟಯ್ಯ, "ಮಾತು ಕೊಟ್ಟಾಗದೆ" ಎಂದಷ್ಟೇ ಹೇಳಿದರು. ಮುದ್ದಮ್ಮ ತಮ್ಮನ ಕಡೆ ಮಾತಾಡಿದಳು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಕೆಂಪಾಜಮ್ಮ ಬಟ್ಟೆ ಗಂಟು ತೆಗೆದುಕೊಂಡು ಹೊಳೆಗೆ ಹೋದಳು. ಮಧ್ಯಾಹ್ನವಾದರೂ ಬರಲಿಲ್ಲ. ನಂಜುಂಡ ಹೋಗಿ ನೋಡಿದಾಗ ಕಲ್ಲಿನ ಮೇಲೆ ಅರ್ಧ ಒಗೆದ ಬಟ್ಟೆ ಇತ್ತು, ಪಕ್ಕದಲ್ಲಿ ಸೋಪು, ಮೇಲಿನ ಮೆಟ್ಟಿಲಿನಲ್ಲಿ ಅವಳ ಚಪ್ಪಲಿ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಹರಿಗೋಲಿನವರು ಮೂರು ದಿನ ಹುಡುಕಿದರು. ಪೊಲೀಸಿನವರು ಬಂದು ಬರೆದುಕೊಂಡು ಹೋದರು. ಹೆಣ ಸಿಗಲಿಲ್ಲ.

ಹದಿನಾರರ ಹುಡುಗ ಆ ಮೂರು ದಿನ ದಡದುದ್ದಕ್ಕೂ ಓಡಿದ. ಸಂಗಮದಿಂದ ಕೆಳಗೆ, ಗದ್ದೆ ಬದು, ಕಬ್ಬಿನ ತೋಟ, ಜೊಂಡು ಎಲ್ಲ ದಾಟಿ ತಲಕಾಡಿನವರೆಗೆ. ಪ್ರತಿ ಘಟ್ಟದಲ್ಲೂ ನಿಂತು, ಒಂದು ಹೆಣ ಬಂತಾ ಎಂದು ಕೇಳುತ್ತಿದ್ದ. ತಲಕಾಡಿನ ಮರಳಿನ ಮೇಲೆ ಹೊಳೆ ತಂದು ಹಾಕಿದ ಕಸದ ರಾಶಿಗಳನ್ನು ಕೈಯಲ್ಲಿ ಬಗೆದ. ಒಂದು ಕಡೆ ಅಕ್ಕ ಉಟ್ಟಿದ್ದಂಥ ನೀಲಿ ಬಟ್ಟೆ ಕಂಡು ಎಳೆದರೆ ಅದು ಯಾರೋ ಬಿಟ್ಟುಹೋದ ಲುಂಗಿ. ಹನ್ನೊಂದನೆಯ ದಿನ, ಹೆಣವಿಲ್ಲದೆಯೇ, ತಿಥಿ ಮಾಡಿ ಊರಿಗೆ ಊಟ ಹಾಕಿದರು. ಅಂದಿನಿಂದ ಪ್ರತಿವರ್ಷ ಮಾರ್ಲಾಮಿ ಹಬ್ಬದಲ್ಲಿ ಸತ್ತವರಿಗೆ ಎಡೆ ಇಡುವಾಗ ಮುದ್ದಮ್ಮ ಮಗಳಿಗೊಂದು ಎಲೆ ಹಾಕಿ ಕಜ್ಜಾಯ ಇಡುತ್ತಿದ್ದಳು.

ತಿಥಿ ಮುಗಿದರೂ ಹುಡುಗನ ಓಟ ಮುಗಿಯಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಹೊಳೆ ದಡಕ್ಕೆ ಹೋಗುತ್ತಿದ್ದ. ಊರಿನವರು ಅವನಿಗೆ ಇಟ್ಟ ಹೆಸರು ಹೆಣ ಹುಡುಕೋನು. ಎದುರಿಗೆ ಅನ್ನುತ್ತಿರಲಿಲ್ಲ, ಹಿಂದಿನಿಂದ ಅನ್ನುತ್ತಿದ್ದರು. ಹೆಂಗಸರು ನೀರಿಗೆ ಬಂದಾಗ ಅವನು ಎದುರಾದರೆ ಬಿಂದಿಗೆ ಇಳಿಸಿ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದರು, ಅಪಶಕುನವೆಂದು.

"ಈಗ್ಯಾಕೆ ಓಡ್ತೀಯ?" ಎಂದೆ ನಾನು. "ಇಲ್ಲಿ ನಂಜನಗೂಡು ಮೇಲಿನ ಕಡೆ. ನಿಮ್ಮೂರಲ್ಲಿ ಹೋದೋರು ಇಲ್ಲಿಗೆ ಬರ್ತಾರಾ?"

"ಗೊತ್ತು ಸಾ. ಆದ್ರೂ ಓಡ್ದೆ ಇದ್ರೆ ಆವತ್ತೆಲ್ಲ ಏನೋ ಬುಟ್ಬುಟ್ಟು ಬಂದಂಗಾಯ್ತದೆ."

ಬೆಟ್ಟಯ್ಯ 1999ರಲ್ಲಿ ಲಕ್ವ ಹೊಡೆದು ತೀರಿಕೊಂಡರು. ನಾನೂ ಮಣ್ಣಿಗೆ ಹೋಗಿದ್ದೆ.

2006ರಲ್ಲಿ ನಮ್ಮ ಇಲಾಖೆಯ ಕ್ರೀಡಾಕೂಟ ಮೈಸೂರಿನಲ್ಲಿ ನಡೆದಾಗ ನಾನೇ ಒತ್ತಾಯ ಮಾಡಿ ಅವನ ಹೆಸರು ಬರೆಸಿದೆ. ಹತ್ತು ಕಿಲೋಮೀಟರ್ ಓಟದಲ್ಲಿ ಎರಡನೆಯವನಿಗಿಂತ ಒಂದು ಸುತ್ತು ಮುಂದೆ ಬಂದು ಮುಗಿಸಿದ. ಸುತ್ತ ಕೂತಿದ್ದವರು ನಮ್ಮ ಇಲಾಖೆಯವರೇ, ಬಿಸಿಲಿಗೆ ಪೇಪರು ಹಿಡಿದುಕೊಂಡು ಊಟಕ್ಕೆ ಯಾವಾಗ ಬಿಡುತ್ತಾರೆಂದು ಕಾಯುತ್ತಿದ್ದರು. ಚಪ್ಪಾಳೆ ಹೊಡೆದವರು ನಾನೂ ನಮ್ಮ ಸಹಾಯಕ ಇಂಜಿನಿಯರ್ ನಂದಿತಾ ಅವರೂ. ಅವರೇ, "ಅಮೃತೇಶ್, ಇವರನ್ನ ಮುಂಬಯಿ ಮ್ಯಾರಥಾನ್‌ಗೆ ಕಳಿಸಿ, ಸುಮ್ನೆ ಬಿಡಬೇಡಿ" ಎಂದು ನನ್ನ ಬೆನ್ನು ಹತ್ತಿದವರು. ಅರ್ಜಿ ತುಂಬಿದ್ದು ನಾನು. ಬೂಟು ಕೊಡಿಸಿದ್ದು ಅವರು. 2007ರ ಜನವರಿಯಲ್ಲಿ ನಾನೂ ನಂಜುಂಡನೂ ರೈಲು ಹತ್ತಿದೆವು.

ಮುಂಬಯಿಯ ಮಾಟುಂಗಾದಲ್ಲಿ ನನ್ನ ಚಿಕ್ಕಪ್ಪನ ಮಗ ನಂಜೇಶ್ ಬ್ಯಾಂಕಿನಲ್ಲಿದ್ದ. ಅಲ್ಲಿನ ಕನ್ನಡ ಸಂಘದಲ್ಲಿ ಓಡಾಡುವವನು. ನಾವು ಹೋಗಿ ಇಳಿಯುವ ಮೊದಲೇ ಅಲ್ಲಿಯ ಒಂದು ಕನ್ನಡ ಪತ್ರಿಕೆಯಲ್ಲಿ ಸುದ್ದಿ ಹಾಕಿಸಿದ್ದ, ಫೋಟೋ ಸಮೇತ. ತಿ. ನರಸೀಪುರದ ಲೈನ್‌ಮನ್ ನಂಜುಂಡಸ್ವಾಮಿ, ಚಿಕ್ಕಂದಿನಿಂದ ಹೊಳೆ ದಡದಲ್ಲಿ ಬರಿಗಾಲಲ್ಲಿ ಓಡಿ ಅಭ್ಯಾಸ ಮಾಡಿದವರು, ಈ ಸಲ ನಲವತ್ತೆರಡು ಕಿಲೋಮೀಟರ್ ಓಡುತ್ತಾರೆ ಎಂದು ಬರೆದಿತ್ತು. ನಂಜುಂಡ ಅದನ್ನು ಓದಿ, ಮಡಚಿ, ನನಗೆ ವಾಪಸು ಕೊಟ್ಟ. "ಯಾಕೆ ಓಡ್ತಿದ್ದೆ ಅಂತ ಬರ್ದಿಲ್ವಲ್ಲ, ಅಷ್ಟೇ ಸಾಕು" ಎಂದ.

ಓಟದ ದಿನ ನಾನು ಅವನ ಬಟ್ಟೆ ಚೀಲ ಹಿಡಿದುಕೊಂಡು ಓಟ ಮುಗಿಯುವ ಜಾಗದಲ್ಲಿ, ಬೋರಿಬಂದರಿನ ದೊಡ್ಡ ಸ್ಟೇಷನ್ನಿನ ಎದುರು, ಜನರ ಮಧ್ಯೆ ನಿಂತಿದ್ದೆ. ದಾರಿಯಲ್ಲಿ ಏನಾಯಿತೆಂಬುದು ನಾನು ಕಂಡದ್ದಲ್ಲ, ಆಮೇಲೆ ಅವನೇ ಹೇಳಿದ್ದು.

ಮೊದಲ ಐದಾರು ಮೈಲಿ ಅವನಿಗೆ ಓಟದ ಮೇಲೆ ಗಮನವೇ ಇರಲಿಲ್ಲವಂತೆ. ಜನ ಕೂಗುತ್ತಿದ್ದರು. ಸಮುದ್ರದ ಪಕ್ಕದ ರಸ್ತೆಯಲ್ಲಿ ಕಟಕಟೆಯ ಆಚೆ ಸಾಲಾಗಿ ನಿಂತು, ತಟ್ಟೆ ಬಡಿದು, ಡೋಲು ಬಡಿದು, ಕೈ ಚಾಚಿ ಕೂಗುತ್ತಿದ್ದರು. ಯಾರನ್ನು ಕೂಗುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಸೀರೆಯುಟ್ಟ ಮುದುಕಿಯೊಬ್ಬಳು ಸಕ್ಕರೆ ಹರಳು ಹಿಡಿದುಕೊಂಡು ರಸ್ತೆಗೇ ಇಳಿದು ಬಂದು ಅವನ ಬಾಯಿಗೆ ಹಾಕಿದಳು. ಶಾಲೆ ಮಕ್ಕಳು ಕೈ ತಟ್ಟಿಸಿಕೊಂಡರು. ಇವನು ಕಂಡರೆ ಬಿಂದಿಗೆ ಇಳಿಸಿ ನಿಲ್ಲುತ್ತಿದ್ದವರ ಊರಿನಿಂದ ಬಂದವನು. "ಅವರೆಲ್ಲ ನನ್ನ ಯಾರೋ ಬೇರೇರು ಅಂದ್ಕಂಡವ್ರೆ, ಗೊತ್ತಾದ್ರೆ ಎಂಗೆ ಅನ್ನುಸ್ತು ಸಾ."

ಬಾಂದ್ರಾ ಮುಟ್ಟಿ ಹಿಂದಿರುಗುವಾಗ ಬಿಸಿಲೇರಿತ್ತು. ಸಮುದ್ರದ ಸೆಕೆ ಅವನಿಗೆ ಗೊತ್ತಿಲ್ಲದ್ದು. ಮಾಹಿಮ್ ಹತ್ತಿರ, ಮೂವತ್ತನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಕುಂಟಿದ, ನಡೆದ, ಕೊನೆಗೆ ರಸ್ತೆಯ ಅಂಚಿನಲ್ಲಿ ಕುಳಿತುಬಿಟ್ಟ. ಕಟಕಟೆಯ ಆಚೆಯಿದ್ದವರು ಇನ್ನೂ ಜೋರಾಗಿ ಕೂಗತೊಡಗಿದರು, ಹಿಂದಿಯಲ್ಲಿ, ಮರಾಠಿಯಲ್ಲಿ. ಇಬ್ಬರು ಹುಡುಗರು ಬಂದು ಕಾಲಿಗೆ ಏನೋ ತಣ್ಣನೆಯದು ಹೊಡೆದರು. ಅವನು ಬೂಟು ಬಿಚ್ಚಲು ದಾರಕ್ಕೆ ಕೈ ಹಾಕಿದ. ಇಲ್ಲಿಗೆ ಸಾಕು ಎಂದುಕೊಂಡಿದ್ದ.

ಆಗ ಆ ಗದ್ದಲದೊಳಗಿಂದ ಒಂದು ದನಿ ಬಂತು.

"ಲೇ ನಂಜುಂಡ, ಎದ್ದೇಳ್ಲಾ. ಕಾಲ ಮಡಿಸ್ಬ್ಯಾಡ, ನೀಟು. ನೀಟು ಕಾಲ."

ಕಾಲು ಚಾಚಿದ. ಎದ್ದ. ಹತ್ತು ಹೆಜ್ಜೆ ಹಾಕಿಯೂ ಆಗಿತ್ತು. ಆಮೇಲೆ ಆ ದನಿ ಯಾರದೆಂಬುದು ಅವನಿಗೆ ಹೊಳೆಯಿತು.

ತಿರುಗಿ ನೋಡಿದ. ಕಟಕಟೆಗೆ ಒತ್ತಿಕೊಂಡು ಕನ್ನಡಕ ಹಾಕಿದ ಹೆಂಗಸೊಬ್ಬಳು ನಿಂತಿದ್ದಳು. ಕೈಯಲ್ಲಿ ಕಿತ್ತಳೆ ತೊಳೆ ತುಂಬಿದ ಬುಟ್ಟಿ. ಕೂಗಿಬಿಟ್ಟ ಮೇಲೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

"ನಾನೇ ಸತ್ತೋದ್ನೇನೋ ಅಂದ್ಕಂಡೆ ಸಾ," ಎಂದು ನಂಜುಂಡ ನನಗೆ ಹೇಳಿದ. "ರಸ್ತೇಲಿ ಕುಂತ್ಕಂಡಾಗ್ಲೇ ಸತ್ತೋಗಿವ್ನಿ, ಇದು ಆ ಕಡೆ ಲೋಕ, ಇಲ್ಲಿ ಅಕ್ಕ ಸಿಕ್ಕವ್ಳೆ ಅಂತ."

ಹತ್ತಿರ ಹೋದ. ಮುಟ್ಟಲು ಧೈರ್ಯ ಬರಲಿಲ್ಲ. "ಅಕ್ಕ, ನೀನು ಬದ್ಕಿದ್ದೀಯಾ?" ಎಂದ.

"ಬದ್ಕಿವ್ನಿ ಕಣ್ಲಾ," ಎಂದಳು ಅವಳು. "ದೂರದಿಂದ ನೋಡ್ಕಂಡು ಓಗ್ಬುಡನ ಅಂತ ಬಂದಿದ್ದೆ. ನೀ ಕುಂತ್ಕಂಡ್ಬುಟ್ಟೆ."

ಅವನು ಅಲ್ಲೇ ನಿಂತ. ಅವಳು ಕಟಕಟೆಯ ಮೇಲಿಂದ ಕೈ ಚಾಚಿ ಅವನ ಎದೆ ಹಿಡಿದು ರಸ್ತೆಯ ಕಡೆ ತಳ್ಳಿದಳು. "ಓಗು. ಮುಗಿಸ್ಕಂಡು ಬಾ. ನಾನೆಲ್ಲೂ ಓಗಕಿಲ್ಲ, ಇಲ್ಲೇ ಇರ್ತೀನಿ. ಓಗು ಅಂದ್ನಲ್ಲ."

ಯಾಕೆ ಓಡಿದೆ, ಅಲ್ಲೇ ಯಾಕೆ ನಿಲ್ಲಲಿಲ್ಲ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಅವನಿಗೂ ತಿಳಿಯದು. ಅಕ್ಕ ಹೇಳಿದಳು, ಓಡಿದೆ ಅನ್ನುತ್ತಾನೆ. ನಿಂತು ಇನ್ನೊಂದು ಗಳಿಗೆ ನೋಡಿದರೆ ಅವಳು ಇಲ್ಲವಾಗುತ್ತಾಳೆ ಅನ್ನಿಸಿತು ಅನ್ನುತ್ತಾನೆ. ಉಳಿದ ಹನ್ನೆರಡು ಕಿಲೋಮೀಟರ್ ಅವನಿಗೆ ನೆನಪೇ ಇಲ್ಲ. ಏರು ರಸ್ತೆಯಲ್ಲಿ ಮಹಡಿ ಮೇಲಿನಿಂದೆಲ್ಲ ಜನ ಕೂಗುತ್ತಿದ್ದರಂತೆ. ಬಾಯಿ ಆಡುವುದು ಕಾಣುತ್ತಿತ್ತು, ಶಬ್ದ ಕೇಳುತ್ತಿರಲಿಲ್ಲ.

ಓಟ ಶುರುವಾಗಿ ಮೂರೂವರೆ ತಾಸಿಗೆ ಬರಬಹುದೆಂದು ನಾನು ಲೆಕ್ಕ ಹಾಕಿದ್ದೆ. ನಾಲ್ಕು ತಾಸಾಗುತ್ತ ಬಂದಾಗ ಬಂದ. ಓಡಿ ದಣಿದ ಮುಖ ನಾನು ನೋಡಿದ್ದೇನೆ. ಅದು ಅಂಥ ಮುಖವಲ್ಲ. ಕರೆಂಟು ಹೊಡೆಸಿಕೊಂಡು ಕಂಬದಿಂದ ಇಳಿಸಿದವರ ಮುಖವನ್ನು ನಾನು ಎರಡು ಸಲ ನೋಡಿದ್ದೆ, ಹಾಗಿತ್ತು. ಕೊರಳಿಗೆ ಯಾರೋ ಪದಕ ಹಾಕಿದರು. ಅವನು ಅದನ್ನು ನೋಡಲಿಲ್ಲ. ನನ್ನ ತೋಳು ಹಿಡಿದುಕೊಂಡ.

"ಸಾ, ಅಕ್ಕ ಮಾಹಿಮ್ಮಲ್ಲಿ ನಿಂತವ್ಳೆ."

ಬಿಸಿಲು ನೆತ್ತಿಗೇರಿದೆ ಎಂದುಕೊಂಡೆ. ಕೈ ಹಿಡಿದು ಡಾಕ್ಟರುಗಳ ಡೇರೆಯ ಕಡೆ ಎಳೆದೆ. ಬರಲಿಲ್ಲ. "ನೀವು ಬಂದ್ರೆ ಬನ್ನಿ, ಇಲ್ದಿದ್ರೆ ನಾನೊಬ್ನೇ ಓಯ್ತೀನಿ" ಎಂದ. ಅವನು ನನ್ನೊಂದಿಗೆ ಹಾಗೆ ಮಾತಾಡಿದ್ದೇ ಇಲ್ಲ. ಚರ್ಚ್‌ಗೇಟಿಗೆ ನಡೆದು ಲೋಕಲ್ ಟ್ರೇನು ಹತ್ತಿದೆವು. ಅಲ್ಲಿ ಯಾರೂ ಇಲ್ಲದಿದ್ದಾಗ ಇವನನ್ನು ಹೇಗೆ ಸಮಾಧಾನ ಮಾಡಲಿ ಎಂದು ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಿದ್ದೆ.

ರಸ್ತೆಯಲ್ಲಿ ಕಟಕಟೆ ತೆಗೆಯುತ್ತಿದ್ದರು. ಕಸ ಗುಡಿಸುವವರು ನೀರಿನ ಬಾಟಲಿಗಳನ್ನು ರಾಶಿ ಮಾಡುತ್ತಿದ್ದರು. ಬಾಗಿಲು ಹಾಕಿದ ಅಂಗಡಿಯೊಂದರ ಮೆಟ್ಟಿಲ ಮೇಲೆ, ಖಾಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಆ ಹೆಂಗಸು ಕುಳಿತಿದ್ದಳು. ನಮ್ಮನ್ನು ಕಂಡು ಎದ್ದಳು. ಮುದ್ದಮ್ಮನ ಮೂಗು, ಮುದ್ದಮ್ಮನ ಗದ್ದ. ನಾನು ಅಲ್ಲಿಯೇ, ಫುಟ್‌ಪಾತಿನ ಮೇಲೆ, ಚೀಲ ಕೆಳಗಿಟ್ಟು ಕುಳಿತುಬಿಟ್ಟೆ.

ಅವಳು ಊರು ಬಿಟ್ಟ ದಿನ ಅರ್ಧ ಬಟ್ಟೆ ಒಗೆದು, ಮಿಕ್ಕಿದ್ದನ್ನು ಬಿಟ್ಟು, ಬರಿಗಾಲಲ್ಲಿ ಬಸ್‌ಸ್ಟ್ಯಾಂಡಿಗೆ ನಡೆದಿದ್ದಳು. ನರಸೀಪುರದ ಮರಿತಾಯಮ್ಮ ಎಂಬಾಕೆ ಮುಂಬಯಿಯಲ್ಲಿ ಅಡುಗೆ ಕೆಲಸಕ್ಕಿದ್ದವಳು, ರಜೆಗೆ ಬಂದು ಆ ದಿನವೇ ಹೊರಟಿದ್ದಳು. ಅವಳೊಂದಿಗೆ ರೈಲು ಹತ್ತಿದಳು. ಈಗ ಮಾಹಿಮಿನ ಒಂದು ಕ್ಯಾಂಟೀನಿನಲ್ಲಿ ಅಡುಗೆಯ ಮುಖ್ಯಸ್ಥೆ. ಗಂಡ ಕುಂದಾಪುರದ ಕಡೆಯವರು, ಹೋಟೆಲಿನಲ್ಲಿ ಕ್ಯಾಷಿಯರ್. ಹತ್ತು ವರ್ಷದ ಮಗಳಿದ್ದಾಳೆ, ಹೆಸರು ನಯನ. ಕ್ಯಾಂಟೀನಿಗೆ ಬರುವ ಕನ್ನಡ ಪೇಪರಿನಲ್ಲಿ ತಮ್ಮನ ಫೋಟೋ ನೋಡಿದ್ದಳು. ಇದನ್ನೆಲ್ಲ ಅವಳು ನನಗೆ ಹೇಳುತ್ತಿದ್ದಳು. ನಂಜುಂಡ ಅವಳ ಕಾಲನ್ನು ನೋಡುತ್ತ ಕುಳಿತಿದ್ದ.

ಕೊನೆಗೆ ಅವನು ಬಾಯಿಬಿಟ್ಟ. "ಚಪ್ಲಿ ಯಾಕ್ ಬುಟ್ಟೋದೆ?"

"ಮರ್ತೋಯ್ತು ಕಣೋ. ಓಡುದ್ರೆ ಸಾಕು ಅನ್ನಂಗಿತ್ತು. ಸತ್ತೋದ್ಲು ಅಂದ್ಕಳ್ಲಿ ಅಂತ ಬುಟ್ಟಿದ್ದಲ್ಲ, ದೇವ್ರಾಣೆ."

"ನಿನ್ ತಿಥಿ ಮಾಡ್ದೋ."

"ಗೊತ್ತು," ಎಂದಳು. "ಅಪ್ಪ ಬರ್ದಿತ್ತಲ್ಲ."

ನಂಜುಂಡ ತಲೆಯೆತ್ತಿದ. "ಯಾವ್ ಅಪ್ಪ?" ಎಂದ. ಅಂಥ ಪ್ರಶ್ನೆ ಯಾಕೆ ಕೇಳಿದನೋ. ಬೇರೆ ಏನು ಕೇಳಬೇಕೆಂದು ಅವನಿಗೆ ಹೊಳೆದಿರಲಾರದು.

ಅವಳು ನಮ್ಮಿಬ್ಬರ ಮುಖವನ್ನೂ ನೋಡಿದಳು. ಏನೋ ಸರಿಯಿಲ್ಲ ಎಂದು ಅವಳಿಗೂ ಆಗ ಗೊತ್ತಾಯಿತು. ಪರ್ಸಿನೊಳಗಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಇನ್‌ಲ್ಯಾಂಡ್ ಕಾಗದ ತೆಗೆದಳು. ಮುಂಬಯಿಗೆ ಬಂದು ಆರು ತಿಂಗಳಿಗೆ, 1994ರ ಸಂಕ್ರಾಂತಿ ಹೊತ್ತಿಗೆ, ತಪ್ಪಾಯಿತು ಎಂದು ಅವಳು ಅಪ್ಪನಿಗೆ ಬರೆದಿದ್ದಳು. ಇದು ಅವರ ಉತ್ತರ. ನಂಜುಂಡ ಅದನ್ನು ನನ್ನ ಕೈಗೆ ಕೊಟ್ಟ, ನಾನೇ ಓದಿದೆ.

ಕೆಂಪಾಜಿಗೆ. ನಿನ್ನ ಕಾಗದ ತಲುಪಿತು. ನಿನ್ನ ತಿಥಿ ಮಾಡಿ ಊರಿಗೆ ಊಟ ಹಾಕಿ ಆಗಿದೆ. ಈಗ ನೀನು ಇದ್ದೀಯೆ ಎಂದರೆ ನಾನು ಜಗಲಿ ಮೇಲೆ ಕೂತು ಯಾರಿಗೂ ನ್ಯಾಯ ಹೇಳುವ ಹಾಗಿಲ್ಲ. ನಿನ್ನ ತಾಯಿಗೂ ತಮ್ಮನಿಗೂ ವಿಷಯ ತಿಳಿಸಿದ್ದೇನೆ. ಅವರು ಸಮಾಧಾನವಾಗಿದ್ದಾರೆ. ಇನ್ನು ಬರೆಯಬೇಡ. ಸತ್ತವಳು ಸತ್ತ ಹಾಗೇ ಇರು. ಬೆಟ್ಟಯ್ಯ.

ಅಕ್ಷರ ಬೆಟ್ಟಯ್ಯನವರದೇ. ಜಮೀನಿನ ಲೈನಿಗೆ ಅರ್ಜಿ ಬರೆದುಕೊಂಡು ಅವರು ನಂಜನಗೂಡಿನ ನಮ್ಮ ವಿಭಾಗ ಕಚೇರಿಗೆ ಬರುತ್ತಿದ್ದರು. ಆ ಬಾಗಿದ ಅಕ್ಷರ ನನಗೆ ಗುರುತಿತ್ತು.

"ನಮ್ಗೇನೂ ಯೋಳ್ಲಿಲ್ಲ," ಎಂದ ನಂಜುಂಡ. "ಅವ್ವಂಗೂ ಯೋಳ್ಲಿಲ್ಲ. ಅವ್ವ ವರ್ಸಾವರ್ಸ ನಿಂಗೆ ಎಡೆ ಇಕ್ತಾಳೆ."

ಕೆಂಪಾಜಮ್ಮ ಗೋಡೆಗೆ ಕೈ ಕೊಟ್ಟಳು. ಹದಿಮೂರು ವರ್ಷ ಅವಳು, ಅವ್ವ ಕೂಡ ನನ್ನನ್ನು ಬೇಡವೆಂದಳು ಎಂದು ತಿಳಿದು ಬದುಕಿದ್ದವಳು. ನನ್ನ ಕೈಯಿಂದ ಕಾಗದ ತೆಗೆದುಕೊಂಡು ಕೇಳಿದಳು, "ಅಪ್ಪ ಎಂಗವ್ರೆ?"

"ತೀರ್ಕಂಡು ಎಂಟು ವರ್ಸ ಆಯ್ತಾ ಬಂತು."

ಅವಳು ಅಳಲಿಲ್ಲ. ತಲೆ ಆಡಿಸಿದಳು. ಆಮೇಲೆ ಏನಾದರೂ ಮಾತಾಡಬೇಕೆಂಬಂತೆ, "ಪೇಪರಲ್ಲಿ ನೀನು ಹೊಳೆ ದಡದಲ್ಲಿ ಓಡ್ತಿದ್ದೆ ಅಂತ ಬರ್ದಿದ್ರು. ನಾನಿದ್ದಾಗ ನೀನು ಓಡ್ತಿರ್ಲಿಲ್ವಲ್ಲ. ಯಾವಾಗಿಂದ?" ಎಂದಳು.

ನಾನು ಹೇಳಿದೆ. ಹೇಳಬಾರದಿತ್ತೋ ಏನೋ. ತಲಕಾಡಿನವರೆಗಿನ ಮೂರು ದಿನ, ನೀಲಿ ಲುಂಗಿ, ಹೆಣ ಹುಡುಕೋನು ಎಂಬ ಹೆಸರು, ಎಲ್ಲ ಹೇಳಿದೆ. ಅವಳು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ತಮ್ಮನ ಬೂಟು ಬಿಚ್ಚಿ, ಬೊಬ್ಬೆ ಎದ್ದಿದ್ದ ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಳು. ನಾನು ಎದ್ದು ರಸ್ತೆಯ ಆಚೆ ಹೋಗಿ ನಿಂತೆ.

ಎರಡು ದಿನ ಅವಳ ಮನೆಯಲ್ಲಿದ್ದೆವು. ವಾಪಸು ಬರುವ ರೈಲು ಅರಸೀಕೆರೆ ದಾಟಿತು. ನಂಜುಂಡ ಕಿಟಕಿಯ ಕಡೆ ನೋಡುತ್ತಲೇ ಹೇಳಿದ.

"ನಾನು ಓಡಿ ಬರೋ ಒತ್ಗೆ ಅಪ್ಪ ಹಂಡೆ ತುಂಬ ನೀರು ಕಾಯ್ಸಿ ಇಕ್ಕಿರೋರು ಸಾ. ದಿನಾ. ಅವ್ವ ಏಳೋಕ್ ಮುಂಚೆ ಅವರೇ ಎದ್ದು ಸೌದೆ ಒಟ್ಟೋರು. ಐದು ವರ್ಸ. ಒಂದ್ ದಿವ್ಸ ಮಾತ್ರ, ಓಡೋದ ಬುಡ್ಲಾ, ನೀರು ತಕ್ಕಂಡದ್ದ ಕೊಡಕಿಲ್ಲ ಅಂದ್ರು. ನಾನು ಏನೋ ದುಃಖಕ್ಕೆ ಅಂತಾವ್ರೆ ಅಂದ್ಕಂಡೆ."

ಬೆಟ್ಟಯ್ಯ ನನ್ನ ಮೇಜಿನ ಎದುರು ಕೈ ಕಟ್ಟಿಕೊಂಡು ನಿಂತು ಅರ್ಜಿ ಕೊಡುತ್ತಿದ್ದ ಒಳ್ಳೆಯ ಮನುಷ್ಯ. ಮಗ ಪ್ರತಿ ಬೆಳಿಗ್ಗೆ ಇಲ್ಲದ ಹೆಣವನ್ನು ಹುಡುಕಲು ಹೋಗುವುದನ್ನು ನೋಡಿಕೊಂಡು ಅವರು ಒಲೆಗೆ ಸೌದೆ ಒಟ್ಟುತ್ತಿದ್ದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೆ ಈಗಲೂ ಅದು ಅರ್ಥವಾಗಿಲ್ಲ.

"ಅವ್ವಂಗೆ ಕಾಗ್ದದ ವಿಸ್ಯ ಗೊತ್ತಾಗ್ಬಾರ್ದು," ಎಂದ ನಂಜುಂಡ. "ಸತ್ತೋನ್ ಜೊತೆ ಜಗಳ ಆಡೋಕಾಯ್ತದಾ ಅವಳ್ಗೆ."

ಫೋನಿನಲ್ಲಿ ಹೇಳುವ ವಿಷಯವಲ್ಲವೆಂದು ನಾವು ನೇರ ಊರಿಗೆ ಹೋದೆವು. ಮುದ್ದಮ್ಮ ಅಂಗಳದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ನಂಜುಂಡ ಅವಳ ಎದುರು ಕುಕ್ಕರುಗಾಲಲ್ಲಿ ಕುಳಿತ.

"ಅವ್ವ, ಅಕ್ಕ ಸಿಕ್ಕವ್ಳೆ."

"ಯಾವ್ ಅಕ್ಕ?"

"ನಮ್ಮಕ್ಕ. ಕೆಂಪಾಜಿ. ಬೊಂಬಾಯಲ್ಲವ್ಳೆ."

ಮುದ್ದಮ್ಮ ಇನ್ನೂ ನಾಲ್ಕು ಕಾಯಿ ಸುಲಿದಳು. ಸಿಪ್ಪೆಯನ್ನು ಮೊರಕ್ಕೂ ಕಾಳನ್ನು ನೆಲಕ್ಕೂ ಹಾಕಿದಳು. "ಯಾರ್ ಸಿಕ್ಕವ್ರೆ?" ಎಂದು ಮತ್ತೆ ಕೇಳಿದಳು. ಅವನು ಮತ್ತೆ ಹೇಳಿದ. ಅವಳು ನನ್ನ ಕಡೆ ತಿರುಗಿದಳು. "ಇವ್ನ ಡಾಕ್ಟ್ರುತಾವ ಕರ್ಕಂಡೋಗಿ ಬುದ್ದಿ. ನೀರ್ನೇ ನೋಡಿ ನೋಡಿ ಇಂಗಾಗವ್ನೆ."

ದಾದರಿನ ಸ್ಟುಡಿಯೋದಲ್ಲಿ ತೆಗೆಸಿದ್ದ ಫೋಟೋವನ್ನು ನಾನು ಕೈಗೆ ಕೊಟ್ಟೆ. ಅವಳು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ನೋಡುತ್ತ ನೋಡುತ್ತ ಅವಳ ಬಾಯಿ ತೆರೆಯಿತು.

"ಇದು ನಮ್ಮವ್ವ," ಎಂದಳು, ಮಗಳಲ್ಲಿ ತನ್ನ ತಾಯಿಯ ಮುಖ ಕಂಡು. "ಕನ್ನಡ್ಕ ಹಾಕ್ಕಂಡು ನಮ್ಮವ್ವ ಕುಂತದೆ." ಆಮೇಲೆ ಫೋಟೋವನ್ನು ಎದೆಗೆ ಒತ್ತಿಕೊಂಡು, ಮೊರದ ಪಕ್ಕದಲ್ಲಿಯೇ ನೆಲದ ಮೇಲೆ ಮಲಗಿಬಿಟ್ಟಳು. ಪಕ್ಕದ ಮನೆಯ ಪುಟ್ಟಮಾದಮ್ಮ ಓಡಿ ಬಂದು ನೀರು ಚಿಮುಕಿಸಿದಳು. ಜ್ಞಾನ ತಪ್ಪಿರಲಿಲ್ಲ. ಕಣ್ಣು ತೆರೆದೇ ಇತ್ತು. ಒಂದು ಗಂಟೆ ಹಾಗೆಯೇ ಇದ್ದಳು, ಏಳಿಸಲು ಹೋದರೆ ಕೈ ಕೊಡವಿದಳು.

ಏಪ್ರಿಲ್‌ನಲ್ಲಿ, ಮಗಳ ಶಾಲೆಗೆ ರಜೆ ಬಂದ ಮೇಲೆ, ಕೆಂಪಾಜಮ್ಮ ಬಂದಳು. ನನಗೂ ಹೇಳಿಕಳಿಸಿದ್ದರು. ಊರೆಲ್ಲ ಬೀದಿಯಲ್ಲಿ ನಿಂತಿತ್ತು. ಅವಳ ತಿಥಿಯ ಊಟ ಉಂಡವರು ಅವಳು ನಡೆದುಬರುವುದನ್ನು ನೋಡುತ್ತ ಹಿಂದೆ ಸರಿದು ದಾರಿ ಬಿಟ್ಟರು. ಅವಳನ್ನು ಮದುವೆಯಾಗಬೇಕಿದ್ದ ಮರಿಯಯ್ಯ ಆ ದಿನ ಊರಲ್ಲಿರಲಿಲ್ಲ.

ತಾಯಿ ಮಗಳು ಅಡುಗೆಮನೆಯಲ್ಲಿ ಕುಳಿತರು. ಮುದ್ದಮ್ಮ ಅವಳ ಕೈ, ಕತ್ತು, ಕಿವಿಯ ಓಲೆ ಎಲ್ಲ ಮುಟ್ಟಿ ನೋಡಿದಳು. ಹಾಗೆ ಮುಟ್ಟುತ್ತಲೇ ಇದ್ದಕ್ಕಿದ್ದಂತೆ ಕೆನ್ನೆಗೆ ಒಂದು ಬಿಟ್ಟಳು.

"ಒಂದ್ ಕಾಗ್ದ ಬರೀಬಾರ್ದಾಗಿತ್ತಾ? ಓದಿದ್ದೋಳು ನೀನು. ಒಂದೇ ಒಂದ್ ಕಾಗ್ದ. ನಿಮ್ಮಪ್ಪ ನಿನ್ ಕೊರಗಲ್ಲೇ ಸತ್ತ. ರಾತ್ರಿ ಎಲ್ಲ ನಿದ್ದೆ ಮಾಡ್ತಿರ್ಲಿಲ್ಲ. ಒಂದ್ ಕಾಗ್ದ ಬಂದಿದ್ರೆ ಇನ್ನೂ ಹತ್ತೊರ್ಸ ಬದುಕ್ತಿದ್ದ."

ನಂಜುಂಡ ಬಾಗಿಲಲ್ಲಿ ನಿಂತಿದ್ದ. ಒಂದು ಹೆಜ್ಜೆ ಒಳಗಿಟ್ಟ. ಕೆಂಪಾಜಮ್ಮ ಅವನನ್ನು ಒಮ್ಮೆ ನೋಡಿದಳು. ಬೇಡವೆಂದು ಕಣ್ಣಲ್ಲೇ ಹೇಳಿದಳು. ಆ ಕಾಗದ ಅವಳ ಪರ್ಸಿನಲ್ಲಿತ್ತು. ಪರ್ಸು ಅವಳ ಮಡಿಲಲ್ಲಿತ್ತು.

"ಭಯ ಆಯ್ತು ಕಣವ್ವ," ಎಂದಳು. "ಬರೀಬೇಕು ಬರೀಬೇಕು ಅಂದ್ಕಂಡು ಬರೀಲೇ ಇಲ್ಲ. ನಂದೇ ತಪ್ಪು."

"ನಿಂದೇ ತಪ್ಪು," ಎಂದಳು ಮುದ್ದಮ್ಮ. "ಅಂಥ ಅಪ್ಪನ್ನ ತಿಂದ್ಕಂಡೆ ನೀನು."

"ಊಂ ಕಣವ್ವ."

ನಂಜುಂಡ ಅಲ್ಲಿಂದ ಹೊರಟುಹೋದ. ನಾನು ಅವನ ಹಿಂದೆ ಹಿತ್ತಿಲಿಗೆ ಹೋದೆ. ಅವನು, ಅಪ್ಪ ಸೌದೆ ಒಟ್ಟುತ್ತಿದ್ದ ಬಚ್ಚಲ ಒಲೆಯ ಮುಂದೆ ಕುಳಿತು, ಆರಿದ ಬೂದಿಯನ್ನು ಕಡ್ಡಿಯಿಂದ ಕೆದಕುತ್ತಿದ್ದ. ನಾನು ಪಕ್ಕದಲ್ಲಿ ಕುಳಿತೆ. ಒಳಗೆ ಮುದ್ದಮ್ಮನ ಬೈಗುಳ ಇನ್ನೂ ಕೇಳುತ್ತಿತ್ತು. ನಡುನಡುವೆ ಕೆಂಪಾಜಮ್ಮನ ದನಿ, ಎಲ್ಲದಕ್ಕೂ ಹೂಂ ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಬೈಗುಳ ನಿಂತು ಊಟಕ್ಕೆ ತಟ್ಟೆ ಇಡುವ ಶಬ್ದವಾಯಿತು.